ಲೇಲ್ಯಾಂಡ್ ಬಸ್ಸಿನ ಪರಂಪರೆ

ಇಂಗ್ಲೆಂಡಿನ ವರ್ಕಿಂಗ್ಟನ್ ಬಳಿಯ ಲಿಲ್ಲಿಹಾಲ್ ಕಾರ್ಖಾನೆಯಲ್ಲಿ 1972ರಿಂದ 1985ರವರೆಗೆ ಏಳು ಸಾವಿರಕ್ಕೂ ಹೆಚ್ಚು 'ಲೇಲ್ಯಾಂಡ್ ನ್ಯಾಷನಲ್' ಬಸ್ಸುಗಳು ತಯಾರಾದವು. ಪ್ರತ್ಯೇಕ ಚಾಸಿಯಿಲ್ಲದೆ, ಇಡೀ ವಾಹನವೇ ಒಂದು ಅಚ್ಚಿನಲ್ಲಿ ಸಿದ್ಧವಾಗುತ್ತಿದ್ದ ಒಂದಂತಸ್ತಿನ ನಗರ ಬಸ್ಸು ಇದು.

ನಮ್ಮ ನಾಡಿಗೆ ಲೇಲ್ಯಾಂಡ್ ಹೆಸರು ಬಂದದ್ದಾದರೋ ಬೇರೊಂದು ಬಗೆಯಲ್ಲಿ. 1948ರಲ್ಲಿ ಸ್ಥಾಪಿತವಾದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಮದರಾಸಿನ ಈ ಸಂಸ್ಥೆ ಬಹುಮಟ್ಟಿಗೆ ಚಾಸಿಯನ್ನು ಒದಗಿಸಿತು. ಬಾಡಿ ಕಟ್ಟುವ ಹೊಣೆ ಕೊಂಡವರದಾಯಿತು. 1948ರಲ್ಲಿ 120 ಬಸ್ಸುಗಳೊಡನೆ ಆರಂಭವಾದ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 1961ರಲ್ಲಿ ನಿಗಮವಾಯಿತು. ಆ ನಿಗಮದ ಕೆಂಗೇರಿ ಕಾರ್ಯಾಗಾರವು ಬಾಡಿಗಳನ್ನು ಕಟ್ಟಿತು.

ಈ ವಿಭಜನೆಯ ಅರ್ಥ ಹಳ್ಳಿಗಳಲ್ಲಿ ಸ್ಪಷ್ಟವಾಗುತ್ತದೆ. ಬೆಂಗಳೂರು–ಮೈಸೂರು ರಸ್ತೆಯ ರುದ್ರಾಕ್ಷಿಪುರದಿಂದ ಸುಮಾರು 12 ಕಿಲೋಮೀಟರು ಒಳಗಿರುವ ಕೊಕ್ಕರೆ ಬೆಳ್ಳೂರಿನಂಥ ಊರಿಗೆ ಬೇಕಾದದ್ದು, ಮೇಲೆ ಮೂಟೆ ಹೇರಬಹುದಾದ, ಜಖಂಗೊಂಡರೆ ಇಲ್ಲಿನ ಕೆಲಸಗಾರರೇ ಸರಿಪಡಿಸಬಲ್ಲ ವಾಹನ. ನಗರದ ಬೀದಿಗೆಂದೇ ರೂಪುಗೊಂಡ ಅಚ್ಚಿನ ಬಸ್ಸು ಈ ಅಗತ್ಯವನ್ನು ಪೂರೈಸಲಾರದು. ಆದುದರಿಂದ ಲೇಲ್ಯಾಂಡ್ ಪರಂಪರೆಯನ್ನು ಯಂತ್ರದ ಹೆಸರಿನಲ್ಲಿ ಮಾತ್ರವೇ ಅರಸುವವರಿಗೆ ಅರ್ಧ ಚರಿತ್ರೆಯಷ್ಟೇ ದೊರೆತೀತು. ಉಳಿದರ್ಧ ನಮ್ಮ ಕಾರ್ಯಾಗಾರಗಳ ಕೈಕೆಲಸದಲ್ಲಿದೆ.