ಹಂಡೆ ನೀರು, ಭತ್ತದ ಹುಲ್ಲು, ಮೈಸೂರಿನ ಅಣಬೆ

ರಜೆಗೆ ಐ.ಡಿ.ಹಳ್ಳಿಗೆ ಹೋದವನು ಹಂಡೆಯಲ್ಲಿ ಭತ್ತದ ಹುಲ್ಲು ಬೇಯಿಸಲು ಕೂತೆ. "ಇಂಜಿನಿಯರಿಂಗ್ ಓದಿಸಿದ್ದು ಇದಕ್ಕೇನೋ? ದನ ತಿನ್ನೋ ಹುಲ್ಲು ಕಣೋ ಅದು" ಅಂದಳು ಅಮ್ಮ. ಬರದ ಸೀಮೆಯವರಿಗೆ ಅದು ತಮಾಷೆಯ ಮಾತಲ್ಲ.

ಈ ಹುಚ್ಚಿಗೆ ನಮ್ಮಲ್ಲೇ ಒಂದು ಇತಿಹಾಸವಿದೆ. ಜರ್ಮನಿಯ ರಿಚರ್ಡ್ ಫಾಲ್ಕ್ 1917ರಲ್ಲಿ ಚಿಪ್ಪಣಬೆಯನ್ನು, ಅಂದರೆ ಆಯ್‌ಸ್ಟರ್ ಮಶ್ರೂಮನ್ನು, ಮರದ ಮೋಟುಗಳ ಮೇಲೆ ಬೆಳೆಸಿದ್ದ. ನಮ್ಮ ಬಯಲುಸೀಮೆಯಲ್ಲಿ ಮೋಟು ಎಲ್ಲಿಂದ ತರೋಣ? 1962ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐನ ಜಕಿಯಾ ಬಾನೊ ಮತ್ತು ಶ್ರೀವಾಸ್ತವ ಭತ್ತದ ಹುಲ್ಲಿನ ಮೇಲೆ ಬೆಳೆಸಿ ತೋರಿಸಿದರು. ಬಟನ್ ಅಣಬೆಗೆ ಬೇಕಾದಂಥ ಕಾಂಪೋಸ್ಟೂ ಬೇಡ, ಹಿತ್ತಲ ಬಣವೆಯೇ ಸಾಕು ಅಂತಾಯಿತು!

ಹುಲ್ಲನ್ನು ಎರಡಂಗುಲಕ್ಕೆ ಕತ್ತರಿಸಿ, ರಾತ್ರಿ ನೆನೆಸಿ, ಸುಮಾರು 80 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಡಬೇಕು. ಹುಲ್ಲಿನಲ್ಲಿರೋ ಬೂಷ್ಟು ಸಾಯದಿದ್ದರೆ ಅಣಬೆಗಿಂತ ಮೊದಲು ಅದೇ ಊಟಕ್ಕೆ ಕೂರುತ್ತೆ. ಆಮೇಲೆ ಹಿಂಡಿದರೆ ನೀರು ಸುರಿಯಬಾರದು, ಅಂಗೈ ಒದ್ದೆಯಾದರೆ ಸಾಕು. ನಾನು ಅವಸರದಲ್ಲಿ ನೀರು ಬಸಿಯದೆ ಅಣಬೆ ಬೀಜ ಬೆರೆಸಿ ಚೀಲ ಕಟ್ಟಿ ಬೆಂಗಳೂರಿಗೆ ಬಂದೆ. ಹತ್ತೇ ದಿನಕ್ಕೆ ಅಮ್ಮನ ಫೋನ್... ಎಲ್ಲಾ ಹಸಿರು ಬೂಷ್ಟು!

ಎರಡನೇ ಸಲ ಅಮ್ಮನೇ ಹುಲ್ಲು ಹಿಂಡಿದಳು. ಮುದ್ದೆ ತಿರುವೋ ಕೈ, ಹದ ತಪ್ಪಲಿಲ್ಲ. ಕೊಯ್ಲಾದ ಮೇಲೆ ಉಳಿದ ಹುಲ್ಲು ತಿಪ್ಪೆಗೆ ಹೋಯಿತು. ದನದ ಪಾಲಿನ ಲೆಕ್ಕವನ್ನು ಮಾತ್ರ ಅಮ್ಮ ಇನ್ನೂ ಬಿಟ್ಟಿಲ್ಲ :)