ಟ್ರ್ಯಾವರ್ಸ್, ಮಾರಿಸ್ ವಿಲಿಯಂ
1872-1961. ಜಡಾನಿಲಗಳ ಶೋಧಕ್ಕೆ ಹೆಸರಾದ ಬ್ರಿಟಿಷ್ ರಸಾಯನವಿಜ್ಞಾನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ. ಜನನ ಲಂಡನ್ನಿನಲ್ಲಿ. ಅಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗುರು ವಿಲಿಯಂ ರ‍್ಯಾಮ್ಸೆಯೊಡನೆ ದುಡಿದು, 1898ರ ಕೆಲವೇ ತಿಂಗಳಲ್ಲಿ ಮೂರು ಧಾತುಗಳನ್ನು ಪತ್ತೆಹಚ್ಚಿದ. ದ್ರವವಾಯು ಆವಿಯಾದ ಮೇಲೆ ಉಳಿದ ಶೇಷದಲ್ಲಿ ಕ್ರಿಪ್ಟಾನ್, ಆರ್ಗಾನಿನ ಹಗುರ ಭಾಗದಲ್ಲಿ ನಿಯಾನ್, ಕ್ರಿಪ್ಟಾನಿನೊಡನೆ ಬೆರೆತಿದ್ದ ಭಾರವಾದ ಅನಿಲದಲ್ಲಿ ಕ್ಸೆನಾನ್ ದೊರೆತವು. ಪ್ರತಿಯೊಂದರ ಗುರುತು ಸಿಕ್ಕಿದ್ದು ಅದರ ರೋಹಿತರೇಖೆಗಳಿಂದ. ನಿಯಾನಿನ ಕಡುಗೆಂಪು ಹೊಳಪು ಇವುಗಳಲ್ಲೆಲ್ಲ ಕಣ್ಸೆಳೆಯುವಂಥದು. ಆವರ್ತಕೋಷ್ಟಕದ ಒಂದು ಇಡೀ ಗುಂಪು ರೂಪುಗೊಳ್ಳಲು ಈ ಕೆಲಸ ಮುಖ್ಯ ಆಧಾರವಾಯಿತು.

ಉದ್ಯಮಿ ಜೆ. ಎನ್. ಟಾಟಾ ಯೋಜಿಸಿದ್ದ ಈ ವಿಜ್ಞಾನ ಸಂಸ್ಥೆಗೆ ಬೆಂಗಳೂರನ್ನು ಸೂಚಿಸಿದವನು ರ‍್ಯಾಮ್ಸೆ. ಅದನ್ನು ಕಟ್ಟುವ ಹೊಣೆ 1906ರಲ್ಲಿ ಶಿಷ್ಯನ ಪಾಲಿಗೆ ಬಂತು. ಮೈಸೂರು ಸಂಸ್ಥಾನ ಕೊಟ್ಟ ಭೂಮಿಯಲ್ಲಿ ಕಟ್ಟಡ, ಪ್ರಯೋಗಾಲಯಗಳನ್ನು ಎಬ್ಬಿಸಿದ. 1911ರಲ್ಲಿ ವಿದ್ಯಾರ್ಥಿಗಳ ಪ್ರವೇಶ ಆರಂಭವಾಯಿತು. 1914ರಲ್ಲಿ ಇಂಗ್ಲೆಂಡಿಗೆ ಮರಳಿದ. ರ‍್ಯಾಮ್ಸೆಯ ಜೀವನಚರಿತ್ರೆ (1956) ಇವನ ಕೃತಿ.