ಹಕೀಮ ನಂಜುಂಡನೂ 'ಓಲೈಕೆ' ಎಂಬ ಪದವೂ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಹಸಿರು ಕಲ್ಲಿನ ಲಿಂಗವೊಂದಿದೆ. ಪಚ್ಚೆ ಲಿಂಗ, ಬಾದಶಾಹಿ ಲಿಂಗ ಎಂದೆಲ್ಲ ಅದಕ್ಕೆ ಹೆಸರು. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣುಬೇನೆ ಬಂದಿತ್ತಂತೆ. ನಂಜುಂಡನಿಗೆ ಹರಕೆ ಹೊತ್ತ ಮೇಲೆ ಅದು ವಾಸಿಯಾಯಿತಂತೆ. ಸುಲ್ತಾನ ಈ ಲಿಂಗವನ್ನು ಒಪ್ಪಿಸಿ ದೇವರನ್ನು 'ಹಕೀಮ ನಂಜುಂಡ' ಎಂದು ಕರೆದನಂತೆ. ಇದು ಊರಿನ ಐತಿಹ್ಯ. ಆದರೆ ಈಗೀಗ ಈ ಕತೆ ಹೇಳಿದರೆ ಸಾಕು, ಎದುರಿನಿಂದ ಒಂದೇ ಪದದ ಉತ್ತರ ಬರುತ್ತದೆ: "ಅದೆಲ್ಲ ಓಲೈಕೆ."

ಈ ಪದವನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ಓಲೈಸು ಎಂದರೆ ಹಳೆಯ ಕನ್ನಡದಲ್ಲಿ ಸೇವೆ ಮಾಡು ಎಂದು ಅರ್ಥ. ಓಲಗ ಎಂದರೆ ಅರಸನ ಸಭೆ, ಅಲ್ಲಿ ಸಲ್ಲಿಸುವ ಸೇವೆ. ಮದುವೆ ಮನೆಯ ವಾಲಗವೂ ಅದೇ ಪದ. ಅಂದರೆ ಕೆಳಗಿನವನು ಮೇಲಿನವನನ್ನು ಓಲೈಸುತ್ತಿದ್ದ. ಇಂದಿನ ರಾಜಕೀಯದಲ್ಲಿ ದಿಕ್ಕು ತಿರುಗಿದೆ. ಅಧಿಕಾರದಲ್ಲಿರುವವರು ದುರ್ಬಲರನ್ನು ಓಲೈಸುತ್ತಾರೆಂದು ಆರೋಪ. ನಮ್ಮ ಸಮುದಾಯಕ್ಕೆ ಈ ಆರೋಪ ಕೇಳಿ ಕೇಳಿ ಅಭ್ಯಾಸವಾಗಿದೆ. ಓಲೈಸಿಕೊಂಡವರ ಮನೆಗಳಲ್ಲಿ ಏನು ತುಂಬಿದೆಯೆಂದು ಬಂದು ನೋಡಿದವರು ಮಾತ್ರ ಕಡಿಮೆ.

ಇಂಗ್ಲಿಷಿನ 'ಅಪೀಸ್' ಪದಕ್ಕೂ ಹೀಗೇ ಆಯಿತು. ಅದರ ಮೂಲ ಹಳೆಯ ಫ್ರೆಂಚ್. ಶಾಂತಿಗೆ ತರುವುದು ಎಂಬುದಷ್ಟೇ ಅದರ ಅರ್ಥ. 1938ರಲ್ಲಿ ಚೇಂಬರ್‌ಲೇನ್ ಮ್ಯೂನಿಕ್‌ನಲ್ಲಿ ಹಿಟ್ಲರನಿಗೆ ಮಣಿದ ಮೇಲೆ ಆ ಪದ ಬೈಗುಳವಾಯಿತು. 'ಕರಿ ಫೇವರ್' ಎಂಬ ಇನ್ನೊಂದು ಮಾತಿದೆ. ಅದಕ್ಕೂ ಅಡುಗೆಮನೆಗೂ ಸಂಬಂಧವಿಲ್ಲ. 14ನೇ ಶತಮಾನದ ಒಂದು ಫ್ರೆಂಚ್ ಕಾವ್ಯದಲ್ಲಿ ಫೋವೆಲ್ ಎಂಬ ಕಪಟ ಕುದುರೆಯ ಮೈಯುಜ್ಜಲು ರಾಜರೂ ಧರ್ಮಗುರುಗಳೂ ಸಾಲುಗಟ್ಟುತ್ತಾರೆ. ಆ ಕುದುರೆಯ ಹೆಸರೇ ಮುಂದೆ ಜನರ ಬಾಯಲ್ಲಿ 'ಫೇವರ್' ಆಯಿತು. ನಮ್ಮಲ್ಲಿ ಬೆಣ್ಣೆ ಹಚ್ಚುವುದು, ಮಸ್ಕಾ ಹೊಡೆಯುವುದು ಎನ್ನುತ್ತೇವಲ್ಲ, ಅದೇ.

ಆದರೆ ಮಗುವನ್ನು ರಮಿಸುತ್ತೇವೆ, ದುಃಖದಲ್ಲಿರುವವರನ್ನು ಸಂತೈಸುತ್ತೇವೆ, ಮುನಿದವರನ್ನು ಒಲಿಸಿಕೊಳ್ಳುತ್ತೇವೆ. ಇವು ಯಾವುವೂ ಬೈಗುಳವಲ್ಲ. ನಂಜನಗೂಡಿನಿಂದ ಹರಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿನ ಗುಂಜಾ ನರಸಿಂಹನ ಸನ್ನಿಧಿ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಹೇಳುತ್ತಾರೆ. ಓಲೈಸುವುದಕ್ಕೂ ಒಲಿಸಿಕೊಳ್ಳುವುದಕ್ಕೂ ಇರುವ ಅಂತರವೂ ಗುಲಗಂಜಿಯಷ್ಟೇ. ಅಕ್ಕಸಾಲಿಗನ ತಕ್ಕಡಿಯಲ್ಲಿ ಗುಲಗಂಜಿ ಸಣ್ಣ ಲೆಕ್ಕವಲ್ಲ.

ಟಿಪ್ಪುವಿನ ಕಾಣಿಕೆಗಳನ್ನು ಈ ತಕ್ಕಡಿಯಲ್ಲಿಟ್ಟು ನೋಡಬೇಕು. ಓಲೈಕೆ ಎನ್ನುವವರ ಬಲವಾದ ವಾದ ಶೃಂಗೇರಿಯದು. 1791ರಲ್ಲಿ ಪರಶುರಾಮ ಭಾವೆಯ ಮರಾಠಾ ಸೈನ್ಯದವರು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದರು. ಶಾರದೆಯ ಮರುಪ್ರತಿಷ್ಠೆಗೆ ಟಿಪ್ಪು ನೆರವಿತ್ತ, ಸಹಸ್ರಚಂಡೀ ಜಪ ಮಾಡಿಸಲು ಸ್ವಾಮಿಗಳನ್ನು ಕೋರಿದ. 1916ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ ಅವರು ಮಠದಲ್ಲಿ ಕಂಡ ಕನ್ನಡ ಪತ್ರಗಳಿಂದ ಇದು ಬೆಳಕಿಗೆ ಬಂತು. ಆಗ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಒಟ್ಟಾಗಿ ಮೈಸೂರಿನ ಮೇಲೆ ಬಿದ್ದಿದ್ದರು. ಕಷ್ಟ ಬಂದಾಗ ಮಠ ನೆನಪಾಯಿತೆಂದು ಹೇಳಬಹುದು. ಇರಲಿ. ಕಷ್ಟದಲ್ಲಿ ಯಾರ ಪ್ರಾರ್ಥನೆಗೆ ಬೆಲೆಯುಂಟೆಂದು ಅವನು ನಂಬಿದ್ದ ಎಂಬುದೂ ಅದರಿಂದಲೇ ತಿಳಿಯುತ್ತದೆ. ಪ್ರಯೋಜನವಿಲ್ಲವೆಂದು ನಂಬಿದ ಜಪಕ್ಕೆ ಯುದ್ಧಕಾಲದಲ್ಲಿ ಯಾರೂ ಖಜಾನೆ ತೆರೆಯುವುದಿಲ್ಲ.

ನಂಜನಗೂಡು ತಾಲೂಕಿನ ಕಳಲೆಯ ವಿಷಯ ಬೇರೆ. ಅಲ್ಲಿನ ಲಕ್ಷ್ಮೀಕಾಂತ ದೇವಾಲಯದಲ್ಲಿ ಟಿಪ್ಪು ಕೊಟ್ಟ ಬೆಳ್ಳಿಯ ಬಟ್ಟಲುಗಳೂ ತಟ್ಟೆಯೂ ಪೀಕದಾನಿಯೂ ದಾಖಲಾಗಿವೆ. ಕಳಲೆ ದಳವಾಯಿಗಳ ಊರು. ಹೈದರನು ದಳವಾಯಿ ನಂಜರಾಜಯ್ಯನ ಕೈಕೆಳಗೆ ಸೈನಿಕನಾಗಿದ್ದು ಬೆಳೆದವನು, ಕೊನೆಗೆ ಅವನನ್ನೇ ಮೂಲೆಗೆ ತಳ್ಳಿದವನು. ಅಂಥವನ ಮಗ ಹಳೆಯ ಒಡೆಯರ ಊರಿನ ದೇವರಿಗೆ ಬೆಳ್ಳಿ ಕೊಟ್ಟ. ಇಲ್ಲಿ ರಾಜಕೀಯ ಕಂಡರೆ ನಮಗೆ ಆಕ್ಷೇಪವಿಲ್ಲ. ಆದರೆ ಅದಕ್ಕೆ ಹೊಂದುವ ಪದ ಓಲೈಕೆಯಲ್ಲ, ಹಳೆಯ ಹಗೆಯನ್ನು ತಣಿಸುವುದು. ಕೊಡಗು, ಮಲಬಾರುಗಳಲ್ಲಿ ಟಿಪ್ಪುವಿನ ದಂಡು ನಡೆಸಿದ ಕ್ರೌರ್ಯ ಈ ಬಟ್ಟಲುಗಳಿಂದ ತೊಳೆದುಹೋಗುತ್ತದೆಂದು ನಾವು ಹೇಳುತ್ತಿಲ್ಲ. ಆ ಕ್ರೌರ್ಯದಿಂದ ಬಟ್ಟಲುಗಳು ಕರಗಿಹೋಗುವುದೂ ಇಲ್ಲ.

ನಂಜನಗೂಡಿಗೆ ಮರಳೋಣ. ಅರಬಿಯಲ್ಲಿ ಹಕೀಮ ಎಂದರೆ ಜ್ಞಾನಿ. ಉರ್ದುವಿನಲ್ಲಿ, ನಮ್ಮ ಆಡುಮಾತಿನಲ್ಲಿ, ವೈದ್ಯ. ನಂಜುಂಡ ಎಂದರೆ ನಂಜನ್ನು ಉಂಡವನು. ವಿಷ ಕುಡಿದು ಲೋಕ ಉಳಿಸಿದವನನ್ನು ವೈದ್ಯನೆಂದು ಕರೆಯಬೇಕಾದರೆ ಆ ದೇವರ ಕತೆ ಗೊತ್ತಿರಬೇಕು. ಹೆಸರಿಟ್ಟವನು ಸುಲ್ತಾನನೇ ಇರಲಿ, ಅವನ ಹೆಸರಲ್ಲಿ ಊರವರೇ ಕಟ್ಟಿರಲಿ, ಎರಡು ಭಾಷೆಗಳ ಒಳಗನ್ನು ಬಲ್ಲವರ ಕೆಲಸ ಅದು. ವೈದ್ಯನನ್ನು ಯಾರೂ ಓಲೈಸುವುದಿಲ್ಲ. ರೋಗ ಹೇಳಿಕೊಳ್ಳುತ್ತಾರೆ, ವಾಸಿಯಾದರೆ ಕಾಣಿಕೆ ಕೊಡುತ್ತಾರೆ.

ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರು 1799ರ ನಂತರ ಒಡೆಯರ ದಿವಾನರಾದರು; ಇದೇ ದೇವಾಲಯವನ್ನು ವಿಸ್ತರಿಸಿದರು. ಅರಮನೆ ಬದಲಾಯಿತು, ಧ್ವಜ ಬದಲಾಯಿತು. ಸುಲ್ತಾನನ ಲಿಂಗವನ್ನು ಗುಡಿಯಿಂದ ಹೊರಗಿಡಬೇಕೆಂದು ಪೂರ್ಣಯ್ಯನವರಿಗೂ ಅನ್ನಿಸಲಿಲ್ಲ, ಅವರ ನಂತರದ ಅರ್ಚಕರಿಗೂ ಅನ್ನಿಸಲಿಲ್ಲ.